ಅತ್ತೆ ಊದಿದ ಕೊಳವೆ

ಗೆಳೆಯರೇ, ನಮ್ಮತ್ತೆಯ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ತೆಗೆಯಬಹುದೋ ಇಲ್ಲವೋ ಎಂಬುದು ಇವತ್ತು ಅವರ ಒಂದು ಉಸಿರಿನ ಮೇಲೆ ನಿಂತಿತ್ತು. ಆಪರೇಷನ್ ತಡೆದುಕೊಳ್ಳುವಷ್ಟು ಶಕ್ತಿ ಇದೆಯೇ ನೋಡಲು ಶ್ವಾಸಕೋಶದ ಡಾಕ್ಟರು ಕೊಳವೆಯೊಂದನ್ನು ಕೊಟ್ಟು, "ಜೋರಾಗಿ ಊದಿ ಅಮ್ಮ" ಅಂದರು.

ನಮ್ಮ ಇಡೀ ಲಗ್ಗೆರೆ ಬಡಾವಣೆಗೆ ಕೇಳುವಂತೆ ಕೂಗುವ ಅತ್ತೆ, ಬಾಯಿಗೆ ಸೆರಗು ಅಡ್ಡ ಹಿಡಿದು, ಬಿಸಿ ಹಾಲು ಆರಿಸುವಂತೆ ಊದಿದರು.

"ಜೋರಾಗಿ ಅತ್ತೆ!" ಎಂದೆ.

"ಸುಮ್ನಿರೇ! ಡಾಕ್ಟ್ರ ಮಕಕ್ಕೆ ಎಂಜ್ಲು ಸಿಡಿಸಕ್ಕಾಯ್ತದಾ?"

ಡಾಕ್ಟರು ಎದ್ದು ಗೋಡೆಗೆ ಮುಖ ಮಾಡಿ ನಿಂತರು. "ಈಗ ಊದಿ."

ಅತ್ತೆ ಊದಿದ ರಭಸಕ್ಕೆ ಮೇಜಿನ ಮೇಲಿನ ಚೀಟಿಗಳೂ ಹಾರಿದವು.

"ಧಾರಾಳವಾಗಿ ಆಪರೇಷನ್ ಮಾಡಿಸ್ಬಹುದು" ಎಂದು ಡಾಕ್ಟರು ನಕ್ಕಾಗ ನಾನು ಕುಣಿಯುವುದೊಂದು ಬಾಕಿ.

ಆಟೋದಲ್ಲಿ ಅತ್ತೆಯ ತೀರ್ಪು: "ಒಳ್ಳೆ ಡಾಕ್ಟ್ರು ಕಣೇ. ಪಾಪ, ನಾಚ್ಕೆ ಜಾಸ್ತಿ."