ವಿಭೂತಿಯ ಮೇಲಿನ ಗೆರೆ

ನಮ್ಮ ಮನೆಯಲ್ಲಿ ಸೀಮೆಎಣ್ಣೆಯ ವಾಸನೆ ಬಂದು ಎಷ್ಟೋ ವರ್ಷಗಳಾಗಿದ್ದವು. ಮೊನ್ನೆ ತಾರಸಿಯ ಮೇಲಿನ ಕಬ್ಬಿಣದ ನೀರಿನ ಟ್ಯಾಂಕು ಸೋರತೊಡಗಿತು. ವೆಲ್ಡಿಂಗ್ ಮಾಡಲು ಬಂದವನು ಕೆಲಸ ಮುಗಿಸಿ, ಬಾಟಲಿಯಿಂದ ಬಟ್ಟೆಗೆ ಸೀಮೆಎಣ್ಣೆ ಸುರಿದುಕೊಂಡು ಟ್ಯಾಂಕಿನ ಒಳಗಡೆಯಿಂದ ಬೆಸುಗೆಯ ಉದ್ದಕ್ಕೂ ಸವರಿದ. ಹೊರಗಡೆ ಸೀಮೆಸುಣ್ಣ ಕಲಸಿದ ನೀರು ಬಳಿದ. "ಅರ್ಧ ಗಂಟೆ ಬಿಡಿ ಆಂಟಿ. ಎಲ್ಲಾದ್ರೂ ಸಣ್ಣ ಬಿರುಕು ಉಳಿದಿದ್ರೆ ಸುಣ್ಣದ ಮೇಲೆ ಗೆರೆ ಬರುತ್ತೆ" ಅಂದು ಟೀ ಕುಡಿಯಲು ಇಳಿದು ಹೋದ. ಈ ವಯಸ್ಸಿನಲ್ಲಿ ನನ್ನನ್ನು ಆಂಟಿ ಅಂದನಲ್ಲ ಮಹಾರಾಯ ಎಂದು ನಗಬೇಕಿತ್ತು. ನಗು ಬರಲಿಲ್ಲ. ಪಕ್ಕದಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸಂಡಿಗೆ ಕಾಯುತ್ತಿದ್ದಳು. ಅವಳ ಮೂಗಿಗೂ ಆ ವಾಸನೆ ಹೋಗಿತ್ತು ಅಂತ ಕಾಣುತ್ತೆ, ಸೆರಗು ಮುಚ್ಚಿಕೊಂಡಳು. ಅದು ನಮ್ಮ ಭಾವನ ವಾಸನೆ...

ಭಾವ ಅಂದರೆ ಅಕ್ಕನ ಗಂಡ. ಐವತ್ತರ ದಶಕದ ಮಾತು ಇದು. ರಾಜಾಜಿನಗರ ಆಗ ಹೆಸರಿಗೆ ಮಾತ್ರ ನಗರ. ಕಲ್ಲು ನೆಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ, ಅದರಾಚೆ ಮಾಗಡಿ ರಸ್ತೆಯವರೆಗೂ ರಾಗಿ ಹೊಲ. ಭಾವ ದಾವಣಗೆರೆ ಕಡೆಯವರು, ಇಲ್ಲಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಾನು ಟೀಚರ್ ಟ್ರೈನಿಂಗ್ ಓದಲು ಅವರ ಮನೆಯಲ್ಲಿದ್ದೆ. ಭಾವ, ಅಕ್ಕ, ಭಾವನ ತಾಯಿ, ನಾನು, ಒಟ್ಟು ನಾಲ್ಕೇ ಜನ. ಭಾವನ ತಾಯಿಯನ್ನು ಎಲ್ಲರೂ ಅವ್ವ ಅನ್ನುತ್ತಿದ್ದೆವು. ಐದನೆಯದೊಂದು ಹಿತ್ತಲಲ್ಲಿತ್ತು. ಅವ್ವ ಅದನ್ನು "ನನ್ನ ಹಿರೀಸೊಸಿ" ಎಂದು ಮೂತಿ ತಿರುವುತ್ತಿದ್ದರು.

ಅದೊಂದು ಮೋಟಾರ್ ಸೈಕಲ್ಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಗುಜರಿಗೆ ಹಾಕಿದ್ದು. ಎತ್ತಿನ ಗಾಡಿಯ ಮೇಲೆ ಗೋಣಿ ಹೊದ್ದು ಬಂದಾಗ ಅವ್ವ ಬಾಗಿಲಲ್ಲೇ ನಿಂತು, "ಏನೋ ಇದು, ಹೆಣ ತಂದಂಗೆ ತಂದೀಯಲ್ಲ" ಅಂದುಬಿಟ್ಟರು. ಆಡಬಾರದಿತ್ತು. ಆಡಿದ ಮೇಲೆ ಅವರೇ ಕೆನ್ನೆ ಕೆನ್ನೆ ಬಡಿದುಕೊಂಡರು. ಭಾವ ಮಾತ್ರ ಗಹಗಹಿಸಿ ನಕ್ಕರು.

ಯುದ್ಧದ ಕಾಲದಲ್ಲಿ, ಇನ್ನೂ ಕೆಲಸ ಕಲಿಯುತ್ತಿದ್ದಾಗ, ಭಾವ ಬೆಂಗಳೂರಿನ ದಂಡು ಪ್ರದೇಶದ ಕಡೆ ಒಬ್ಬ ಅಮೆರಿಕದ ಸಿಪಾಯಿಯ ಗಾಡಿ ನೋಡಿದ್ದರಂತೆ. ಬೇಡದ ತಗಡೆಲ್ಲ ಕಿತ್ತು ಹಾಕಿ, ಬರೀ ಎಂಜಿನ್ನೂ ಚಕ್ರವೂ ಉಳಿಸಿಕೊಂಡ ಗಾಡಿ. ಅಂಥದ್ದನ್ನೇ, ಅದಕ್ಕಿಂತ ಉದ್ದವಾಗಿ, ಅದಕ್ಕಿಂತ ತಗ್ಗಾಗಿ ಮಾಡಬೇಕು ಅನ್ನುವ ಹುಚ್ಚು ಅವತ್ತೇ ಹತ್ತಿತ್ತು. ಮಡ್ಗಾರ್ಡು ಕತ್ತರಿಸಿದರು. ಸೀಟಿನ ಕೆಳಗಿನ ಸ್ಪ್ರಿಂಗು ಕಿತ್ತರು. ಹೊಸ ಗಾಡಿಗಳಿಗೆಲ್ಲ ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಬರ್ತಿದೆ, ನೀನೂ ಹಾಕಿಸು ಅಂತ ಕಾರ್ಖಾನೆಯ ಸ್ನೇಹಿತರು ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಹಿಂದಿನ ಚಕ್ರದಿಂದ ಮುಂದಿನವರೆಗೆ ನೆಟ್ಟಗೆ ಪೈಪು ಬರಬೇಕು, ನಡುವೆ ಏನೂ ಬಳುಕಬಾರದು, ಅದೇ ಅವರ ಹಟ. ಆಮೇಲೆ ಗಾಡಿಯ ಕುತ್ತಿಗೆಯನ್ನೇ ಕೊಯ್ದರು. ಹ್ಯಾಂಡಲ್ಲು ಕೂರುವ ಜಾಗಕ್ಕೆ ಅವರು ಕುತ್ತಿಗೆ ಅನ್ನುತ್ತಿದ್ದರು. ಅದನ್ನು ಮುಂದಕ್ಕೆ ಬಾಗಿಸಿ, ಮುಂದಿನ ಚಕ್ರ ಹಿಡಿಯುವ ಕಾಲುಗಳನ್ನು ಒಂದು ಗೇಣು ಉದ್ದ ಮಾಡಿ, ಮತ್ತೆ ಬೆಸೆದರು. ರಸ್ತೆಯ ಒಂದೊಂದು ಕಲ್ಲಿನ ಏಟೂ ಬಂದು ಬಡಿಯುವುದು ಆ ಕುತ್ತಿಗೆಗೇ ಎಂದು ಅವರೇ ನನಗೆ ತಿಳಿಸಿ ಹೇಳಿದ್ದರು.

ಎಷ್ಟು ಭಾನುವಾರಗಳು! ಇದ್ದಲ ಒಲೆ, ಅವ್ವನ ಬೈಗುಳ, ಕೆಂಪಗೆ ಕಾದ ಪೈಪಿನ ಮೇಲೆ ಕರಗಿ ಹರಿಯುವ ಹಿತ್ತಾಳೆ. ಚಕ್ರಗಳು ಒಂದೇ ಸಾಲಿನಲ್ಲಿವೆಯೇ ಅಂತ ನೋಡಲು ಅಕ್ಕನ ಹೂ ಕಟ್ಟುವ ದಾರವನ್ನೇ ಎಳೆದು ಕಟ್ಟುತ್ತಿದ್ದರು. ಒಂದು ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಮೊದಲಿನಿಂದ. ಬೆಸುಗೆ ಆರಿದ ಮೇಲೆ ನನ್ನ ಪಾಳಿ. "ಟೀಚರಮ್ಮ, ಎರಡು ಸೀಮೆಸುಣ್ಣ ಕೊಡವ್ವಾ" ಎಂದು ಕೈ ಚಾಚುವರು. ಬೆಸುಗೆಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ನೀರು ಹಚ್ಚಿ, ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದರು. ಬಿರುಕಿನೊಳಗೆ ಇಳಿದ ಎಣ್ಣೆ ಸುಣ್ಣಕ್ಕೆ ಏರಿ ಕಪ್ಪು ದಾರದ ಹಾಗೆ ಕಾಣಿಸಿಕೊಳ್ಳುತ್ತದೆ. "ಕಣ್ಣಿಗೆ ಮೋಸ ಮಾಡಬಹುದು, ಸೀಮೆಎಣ್ಣಿಗೆ ಆಗಂಗಿಲ್ಲ" ಅನ್ನುವರು. ಕುತ್ತಿಗೆಯಲ್ಲಿ ಎರಡು ಸಲ ಗೆರೆ ಬಂತು. ಎರಡು ಸಲವೂ ಕೊಯ್ದು ಮತ್ತೆ ಬೆಸೆದರು.

ಅಷ್ಟರಲ್ಲಿ ಅಕ್ಕ ಬಸುರಿ. ಮದುವೆಯಾಗಿ ಆರು ವರ್ಷಕ್ಕೆ! ಅವಳಿಗೆ ಆ ಗಾಡಿ ಕಂಡರೆ ಭಯ. ಒಂದು ದಿನ ಅಡುಗೆಮನೆಯಲ್ಲಿ ಗೊಳೋ ಎಂದು ಅತ್ತುಬಿಟ್ಟಳು. ಭಾವ ಅವಳ ತಲೆಯ ಮೇಲೆ ಕೈಯಿಟ್ಟು, "ಇನ್ನೊಂದು ಸಲ ಗೆರಿ ಕಂಡ್ರೆ ಗರಗಸ ತಗೊಂಡು ತುಂಡು ತುಂಡು ಮಾಡಿ ಗುಜರಿಗೆ ಹಾಕ್ತೀನಿ. ನಿನ್ನ ಮೇಲಾಣೆ" ಅಂದರು. ನಾನು ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಾ ಕೂತಿದ್ದೆ. ಕಿವಿಯಾರೆ ಕೇಳಿಸಿಕೊಂಡೆ.

ಮೂರನೆಯ ಸಲ ಬೆಸೆದ ಮೇಲೆ ಸುಣ್ಣ ಬೆಳ್ಳಗೇ ಉಳಿಯಿತು. ಎಂಜಿನ್ ಶುರುವಾಯಿತು. ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಹೊಲಕ್ಕೆ ಓಡಿದವು! ದಿನಾ ಸಂಜೆ ಸೈಟುಗಳ ನಡುವಿನ ಮಣ್ಣುದಾರಿಯಲ್ಲಿ ಒಂದೊಂದು ಸುತ್ತು ಹೊಡೆದು ನೋಡುತ್ತಿದ್ದರು. ಆಯುಧ ಪೂಜೆಯ ದಿನ ಪೂಜೆ ಮಾಡಿಸಿ, ಮೊದಲ ಸಲ ಮಾಗಡಿ ರಸ್ತೆಗೆ ಇಳಿಸುವುದು ಅಂತ ಆಯಿತು. ಅದಕ್ಕೆ ಮೊದಲು ಇನ್ನೊಂದು ಸಲ ಸುಣ್ಣ ಹಚ್ಚಿ ನೋಡಬೇಕಿತ್ತು. ಆದರೆ ದಸರಾ ರಜಾ. ನನ್ನ ಹತ್ತಿರ ಇದ್ದ ಸೀಮೆಸುಣ್ಣ ಮುಗಿದಿತ್ತು, ಟ್ರೈನಿಂಗ್ ಸ್ಕೂಲಿಗೆ ಬೀಗ. "ಇರಲಿ ಬಿಡು, ರಜಾ ಮುಗಿದ ಮೇಲೆ ನೋಡಿದ್ರಾತು" ಅಂದರು. ಅಂಥ ಮನುಷ್ಯ, ಒಂದು ಕೂದಲೆಳೆಗೆ ಇಡೀ ದಿನ ಕೂರುತ್ತಿದ್ದ ಮನುಷ್ಯ, ಹಾಗೆ ಅಂದರು...

ಹಬ್ಬದ ಬೆಳಿಗ್ಗೆ ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ ಅಂಗಳದಲ್ಲಿ ನಿಲ್ಲಿಸಿದರು. ಸ್ಪ್ಯಾನರು, ಅರ, ಗರಗಸ ಎಲ್ಲವನ್ನೂ ಕೆಂಪು ಬಟ್ಟೆಯ ಮೇಲೆ ಜೋಡಿಸಿ ಪೂಜೆಗೆ ಇಟ್ಟಾಗಿತ್ತು. ಒಂದು ಸಲ ಪೂಜೆಗೆ ಇಟ್ಟರೆ ಮಾರನೆಯ ದಿನದವರೆಗೆ ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಅಕ್ಕ ವಿಭೂತಿ ತೇದು ಗಾಡಿಯ ಕುತ್ತಿಗೆಗೆ ಮೂರು ಬೆರಳಲ್ಲಿ ಎಳೆದು, ಹೂವಿನ ಬುಟ್ಟಿ ತರಲು ಒಳಗೆ ಹೋದಳು. ಕುಂಕುಮ ಇಡುವುದು ನನ್ನ ಕೆಲಸ. ಬಟ್ಟಲು ಹಿಡಿದು ಬಗ್ಗಿದೆ.

ವಿಭೂತಿ ಒಣಗಿ ಬೆಳ್ಳಗಾಗುತ್ತಿತ್ತು. ನಡುವಿನ ಪಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ಕಪ್ಪು ದಾರ, ಉಗುರಿನಷ್ಟು ಉದ್ದ. ನೋಡುತ್ತಿದ್ದ ಹಾಗೇ ಸ್ವಲ್ಪ ಬೆಳೆಯಿತು.

ನನಗೆ ಗೊತ್ತಾಗಲಿಲ್ಲ ಅಂತ ಹೇಳಿದರೆ ನಾಲಿಗೆಯಲ್ಲಿ ಹುಳ ಬೀಳುತ್ತೆ. ಗೊತ್ತಾಯಿತು. ತಲೆಯೆತ್ತಿ ನೋಡಿದರೆ ಭಾವ ಹೊಸ ಪಂಚೆ ಉಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾ, ಮದುಮಗನ ಹಾಗೆ ನಗುತ್ತಿದ್ದರು. ಬಾಯಿ ಬಿಟ್ಟರೆ ಅಕ್ಕನ ಮೇಲಿನ ಆಣೆ. ಆ ಗಾಡಿ ನಾಳೆ ತುಂಡು ತುಂಡು. ಇವತ್ತು ಹೇಳಿ ತಾನೆ ಏನು ಮಾಡುವುದು, ಸ್ಪ್ಯಾನರ್ ಮುಟ್ಟುವ ಹಾಗಿಲ್ಲವಲ್ಲ, ಒಂದೇ ಒಂದು ಸುತ್ತು ತಾನೆ, ನಾಳೆ ಮೆಲ್ಲಗೆ ಅವರೊಬ್ಬರಿಗೇ ಹೇಳಿದರಾಯಿತು... ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಸೆರಗಿನ ತುದಿಯಲ್ಲಿ ಆ ಗೆರೆ ಒರೆಸಿದೆ. ಒರೆಸಿದ ಕಡೆ ಕುಂಕುಮ ದಪ್ಪಗೆ ಮೆತ್ತಿದೆ.

ಕುಂಬಳಕಾಯಿ ಒಡೆದರು. ನಿಂಬೆಹಣ್ಣು ಪಚಕ್ ಅಂತು. "ಟೀಚರಮ್ಮ, ಹೋಗಿ ಬರ್ತೀನಿ, ಪಾಯಸ ಎಲ್ಲ ನೀನೇ ಖಾಲಿ ಮಾಡಬ್ಯಾಡ" ಅಂದರು. ಅದೇ ಕೊನೆಯ ಮಾತು. ನಾವು ಮೂವರೂ ಅಂಗಳದಲ್ಲಿ ನಿಂತು ಸದ್ದು ಕೇಳುತ್ತಿದ್ದೆವು. ಹೊಲದಾಚೆ ಮಾಗಡಿ ರಸ್ತೆಗೆ ತಿರುಗಿದ್ದು ಕೇಳಿಸಿತು. ವೇಗ ಹೆಚ್ಚಿದ್ದು ಕೇಳಿಸಿತು. ಆಮೇಲೆ ನಿಂತಿತು. "ದೂರ ಹೋದ ಅಂತ ಕಾಣ್ತದೆ" ಅಂದರು ಅವ್ವ. ದೂರ ಹೋದರೆ ಸದ್ದು ಸಣ್ಣಗಾಗುತ್ತದೆ, ಹಾಗೆ ಪಟ್ಟನೆ ನಿಲ್ಲುವುದಿಲ್ಲ. ನನ್ನ ಕೈಯಲ್ಲಿ ಇನ್ನೂ ಕುಂಕುಮದ ಬಟ್ಟಲಿತ್ತು.

ಸುದ್ದಿ ತಂದವನು ಬ್ಯಾಡರಹಳ್ಳಿ ಕಡೆಯ ಎತ್ತಿನ ಗಾಡಿಯವನು. ರಸ್ತೆಗೆ ಜಲ್ಲಿ ಹಾಸಿದ್ದ ಕಡೆ ಗಾಡಿಯ ಕುತ್ತಿಗೆ ಮುರಿದು, ಮುಂದಿನ ಚಕ್ರ ಒಂದು ಕಡೆ, ಭಾವ ಒಂದು ಕಡೆ. ಜೀವ ಅಲ್ಲೇ ಹೋಗಿತ್ತು.

ಹನ್ನೊಂದನೆಯ ದಿನ ಕಾರ್ಖಾನೆಯ ಅವರ ಸ್ನೇಹಿತರೊಬ್ಬರು ಮುರಿದ ತುಂಡು ಹಿಡಿದು ನೋಡಿ, "ನೋಡಮ್ಮ, ಅರ್ಧ ಹೊಳೀತಾ ಇದೆ, ಅದು ಅವತ್ತು ಮುರಿದಿದ್ದು. ಈ ಕಪ್ಪಗಿರೋ ಅರ್ಧ ಮೊದಲೇ ಬಿರುಕು ಬಿಟ್ಟಿತ್ತು. ಸುಣ್ಣ ಹಚ್ಚಿ ನೋಡಿದ್ದಿದ್ರೆ ಕಂಡೇ ಕಾಣ್ತಿತ್ತು" ಅಂದರು. ನಾನು ಹೂಂ ಅಂದೆ.

ಅಕ್ಕನಿಗೆ ಮಗಳು ಹುಟ್ಟಿದಳು. ಬಸವೇಶ್ವರನಗರದ ಈ ಮನೆ ಅವಳದೇ. ನಾನು ಟೀಚರಾದೆ, ಮದುವೆಯಾಗಲಿಲ್ಲ, ಅಕ್ಕನ ಜೊತೆಗೇ ಉಳಿದುಬಿಟ್ಟೆ. ತಂಗಿ ಅಂದರೆ ಹೀಗಿರಬೇಕು, ಎಂಥ ತ್ಯಾಗ ಎಂದು ನೆಂಟರೆಲ್ಲ ಹೊಗಳುವಾಗ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ಮೂವತ್ತು ವರ್ಷ ದಿನಾ ಸೀಮೆಸುಣ್ಣ ಹಿಡಿದೆ. ಕರಿಹಲಗೆಯ ಮೇಲೆ ಬಿಳಿ ಗೆರೆ ಎಳೆಯುವಾಗಲೆಲ್ಲ ಬಿಳಿಯ ಮೇಲಿನ ಆ ಕರಿ ಗೆರೆ ಕಣ್ಣೆದುರು ಬರುತ್ತಿತ್ತು. ಅಕ್ಕನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೇ ಐವತ್ತು ವರ್ಷದ ಮೇಲಾಯಿತು.

ಮೊನ್ನೆ ಟ್ಯಾಂಕಿನ ಸುಣ್ಣ ಒಣಗಿತು. ಒಂದು ಮೂಲೆಯಲ್ಲಿ ಮೆಲ್ಲಗೆ ಕಪ್ಪು ದಾರ ಮೂಡಿತು. ನಾನು ನೋಡಿದೆ. ಅಕ್ಕನೂ ನೋಡುತ್ತಿದ್ದಳು.

"ಅವತ್ತು ವಿಭೂತಿ ಮೇಲೂ ಹಿಂಗೇ ಇತ್ತು, ಅಲ್ವೇನೇ?" ಅಂದಳು.

ನಾನು ಅವಳ ಕಡೆ ತಿರುಗಿದೆ.

"ಹೂವಿನ ಬುಟ್ಟಿ ತರ್ತಾ ಬಾಗಿಲಲ್ಲಿ ನಿಂತಿದ್ದೆ ಕಣೇ. ಗೆರೆ ಕಂಡಿತು. ಕೂಗಬೇಕು ಅನ್ನೋಷ್ಟರಲ್ಲಿ ನೀನು ಒರೆಸಿದೆ." ಅಕ್ಕ ಸಂಡಿಗೆಯ ಮೇಲೆ ಕೂತಿದ್ದ ನೊಣ ಓಡಿಸಿದಳು. "ಸುಣ್ಣದ ವಿದ್ಯೆ ಅವರ ಹತ್ತಿರ ಕಲಿತಿದ್ದವಳು ನೀನು. ನೀನೇ ಒರೆಸಿದ ಮೇಲೆ ಅದು ಏನೂ ಅಲ್ಲ ಅಂದ್ಕೊಂಡು ನಾನೂ ಸುಮ್ಮನಾದೆ."

ವೆಲ್ಡರ್ ಮೆಟ್ಟಿಲು ಹತ್ತಿ ಬಂದು, ಟ್ಯಾಂಕು ನೋಡಿ, "ಇಲ್ಲೊಂದು ಉಳಿದಿದೆ ಆಂಟಿ, ಒಳ್ಳೇದಾಯ್ತು ಈಗಲೇ ಕಂಡಿದ್ದು" ಅಂದ. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು, ಬಿಡಲಿಲ್ಲ.