ಕಿವಿಗೆ ಕಡ್ಲೆಕಾಯಿ ಜುಮುಕಿ

ನನ್ನ ಮಗಳು ಕಡ್ಲೆಕಾಯಿ ಮೇಲೆ ತೋರುಬೆರಳಿಟ್ಟು ಎರಡು ಸಲ ತಟ್ಟಿದಳು. ಕಾಯಿ ಬಿಚ್ಚಿಕೊಳ್ಳಲಿಲ್ಲ. ಪಕ್ಕಕ್ಕೆ ಸವರಿದಳು. ಉರುಳಿತು, ಅಷ್ಟೆ.

"ಅಮ್ಮಾ, ಇದು ಓಪನ್ನೇ ಆಗ್ತಿಲ್ಲ!"

ನಗಬೇಕೋ, ಅಳಬೇಕೋ?

ಇಂಚರಳಿಗೆ ನಾಲ್ಕು ವರ್ಷ. ಮೊಬೈಲಲ್ಲಿ ಬೇಕಾದ ಕಾರ್ಟೂನ್ ತಾನೇ ಹುಡುಕಿಕೊಳ್ತಾಳೆ. (ಜಾಹೀರಾತು ಸ್ಕಿಪ್ ಮಾಡೋದರಲ್ಲಿ ನನಗಿಂತ ಫಾಸ್ಟ್.) ಆದರೆ ಹೋದ ತಿಂಗಳು ಎಲ್‌ಕೆಜಿ ಮಿಸ್ ಮೆಲ್ಲಗೆ ಹೇಳಿದರು, "ಕ್ರೇಯಾನ್ ಹಿಡಿದರೆ ಜಾರುತ್ತೆ ಮೇಡಂ. ಬೆರಳಲ್ಲಿ ಬಿಗಿಯೇ ಇಲ್ಲ. ಮನೇಲಿ ಏನಾಟ ಆಡ್ತಾಳೆ?"

ಮನೆ ಮುಟ್ಟೋವರೆಗೂ ಆ ಪುಟ್ಟ ಕೈ ಹಿಡಿದುಕೊಂಡೇ ಬಂದೆ. ಎಷ್ಟು ಮೆತ್ತಗಿತ್ತು! ಹೆದರಿಕೆಯಾಯ್ತು.

ಅದಕ್ಕೇ ಆ ಭಾನುವಾರ ಶಿರಾದಿಂದ ಬಸ್ ಹತ್ತಿ ಹುಲಿಕುಂಟೆಯ ಅಕ್ಕನ ಮನೆಗೆ ಹೋಗಿದ್ದು. ಮೊಬೈಲ್ ಬ್ಯಾಗಿನ ತಳದಲ್ಲಿತ್ತು. ಅಂಗಳದ ತುಂಬ ಒಣಹಾಕಿದ ಕಡ್ಲೆಕಾಯಿ. ಇಂಚರ ಫೋನಿಗಾಗಿ ಅತ್ತಳು, ಉರುಳಾಡಿದಳು. ನನ್ನ ಕೈ ತಾನಾಗೇ ಬ್ಯಾಗಿಗೆ ಹೋಯ್ತು.

"ಅಳ್ಲಿ ಬುಡೇ, ಏನಾಗಲ್ಲ," ಅಂದಳು ಅಕ್ಕ.

ಅತ್ತು ಸಾಕಾದ ಮೇಲೆ ಇಂಚರ ಕಾಯೊಂದನ್ನು ಎತ್ತಿಕೊಂಡಳು. ಆಗ ನಡೆದದ್ದೇ ಆ ತಟ್ಟೋ ಪ್ರಸಂಗ.

ಅಕ್ಕ ಪಕ್ಕದಲ್ಲಿ ಕೂತಳು. "ಇಂಗೆ ಹಿಡ್ಕೋ. ತುದೀಲಿ ಒತ್ತು ಕಣಮ್ಮ."

ಒತ್ತಿದಳು. ಜಾರಿತು. ತುಟಿ ಕಚ್ಚಿಕೊಂಡು, ಹೆಬ್ಬೆರಳು ಬೆಳ್ಳಗಾಗೋ ಹಾಗೆ ಮತ್ತೆ ಒತ್ತಿದಳು. ಟಪ್!

"ದೊಡ್ಡಮ್ಮಾ, ಒಳಗೆ ಎರಡು ಪಾಪು ಮಲಗಿದಾವೆ!"

ಆಮೇಲೆ ಹೊತ್ತು ಎಲ್ಲಿ ಹೋಯ್ತೋ. ಬೇವಿನ ನೆರಳು ಅಂಗಳ ದಾಟಿ ಗೋಡೆ ಹತ್ತಿತು. ಸಿಪ್ಪೆಗಳೆಲ್ಲ ತೊಟ್ಟಿಲಾದವು. ಕಾಯಿಯ ಬಾಯಿ ಒಂಚೂರೇ ಬಿಡಿಸಿ ಕಿವಿಗೆ ಕಚ್ಚಿಸೋದನ್ನ ಅಕ್ಕ ತೋರಿಸಿಕೊಟ್ಟಳು. ಜುಮುಕಿ! ಇಂಚರ ನನ್ನ ಕಿವಿಗೂ ತೊಡಿಸೋಕೆ ಬಂದಳು.

"ಅಲ್ಲಾಡ್ಬೇಡ ಅಮ್ಮ, ಬೀಳುತ್ತೆ."

ಅಲ್ಲಾಡಲಿಲ್ಲ. ಕೆನ್ನೆಗೆ ಅವಳ ಬಿಸಿ ಉಸಿರು, ಕಿವಿ ತುದೀಲಿ ತಡಕಾಡೋ ಪುಟ್ಟ ಬೆರಳು, ತಣ್ಣಗಿನ ಗಾಳಿ. ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋದ ಹಾಗಿತ್ತು. ನಾಳೆ ಸೋಮವಾರ ಅನ್ನೋದೂ ನೆನಪಿರಲಿಲ್ಲ.

(ವಾಪಸ್ ಬರುವಾಗ ಬಸ್ಸಿನಲ್ಲಿ ಫೋನ್ ಕೇಳಿದಳು. ಕೊಟ್ಟೆ. ಸುಳ್ಳು ಯಾಕೆ ಹೇಳಲಿ?)

ಅಕ್ಕ ಒಂದು ಚೀಲ ಕಾಯಿ ಕಟ್ಟಿಕೊಟ್ಟಿದ್ದಳು. ಈಗ ನಮ್ಮನೇಲಿ ಸಂಜೆಯಾದ್ರೆ ಮೊದಲು ಕಾಯಿ, ಆಮೇಲೆ ಒಂದೇ ಒಂದು ಕಾರ್ಟೂನ್. ಕ್ರೇಯಾನ್ ಇನ್ನೂ ಜಾರುತ್ತೆ, ಮೊದಲಿನಷ್ಟಲ್ಲ.

ನಿನ್ನೆ ಅವಳು ಕಾಯಿ ಬಿಡಿಸುತ್ತಿದ್ದಳು. ನಾನು ಎದುರಿಗೇ ಕೂತು ಮೊಬೈಲ್ ನೋಡುತ್ತಿದ್ದೆ. ತಲೆ ಎತ್ತದೆ ಕೇಳಿದಳು:

"ಅಮ್ಮಾ, ನಿನ್ನ ಕಾರ್ಟೂನ್ ಯಾವಾಗ ಮುಗಿಯುತ್ತೆ?"