ಹೋಲ್ಡಾನ್ ಎಂದು ಕೂಗಿದ ದಿನ

ಬಸ್ಸು ಹೊಳೆನರಸೀಪುರ ದಾಟಿತೆಂದರೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಮ್ಮೂರಿಗೆ ತಿರುಗುವ ಗೇಟಿನಲ್ಲಿ ಇಳಿಯಬೇಕಾದರೆ 'ಹೋಲ್ಡಾನ್' ಎಂದು ಕೂಗಬೇಕು. ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ನಗುತ್ತಾರೆ. ಆ ಹೆದರಿಕೆಗೆ ಎಷ್ಟೋ ಸಲ ಮುಂದಿನ ಸ್ಟಾಪಾದ ಹಳ್ಳಿಮೈಸೂರಿನವರೆಗೂ ಹೋಗಿ ಹಿಂದಕ್ಕೆ ನಡೆದು ಬಂದವಳು ನಾನು. ಆ ವರ್ಷ ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದೆ. ಬದುಕುವುದೇ ಬೇಡ ಅನಿಸುತ್ತಿತ್ತು. ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿದ ಮೇಲೆ ಅಪ್ಪ ದಿನಸಿ ಅಂಗಡಿಯನ್ನು ಅಮ್ಮನಿಗೆ ಒಪ್ಪಿಸಿ ನನ್ನ ಹಿಂದೆಯೇ ಸುತ್ತತೊಡಗಿದರು. ಬಚ್ಚಲಿಗೆ ಹೋದರೂ ಹೊರಗೆ ನಿಂತು ಕೆಮ್ಮುತ್ತಿದ್ದರು!

ವಾರಕ್ಕೊಮ್ಮೆ ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಡಾಕ್ಟರು ಮಾತ್ರೆ ಕೊಡುತ್ತಿದ್ದರು, ಕೌನ್ಸೆಲಿಂಗ್ ಮೇಡಂ ಮಾತಾಡಿಸುತ್ತಿದ್ದರು. ಸಾಯುವ ಯೋಚನೆ ಬಂತಾ ಎಂದು ಆ ಮೇಡಂ ಊಟ ಆಯ್ತಾ ಅನ್ನುವಷ್ಟು ಸಲೀಸಾಗಿ ಕೇಳುತ್ತಿದ್ದರು. ನಾನೂ ಸಲೀಸಾಗಿ ಹೇಳಲು ಕಲಿತಿದ್ದೆ. ಆವತ್ತು ಅವರು ಕೊಟ್ಟ ಹೋಂವರ್ಕ್ ಕೇಳಿ ಮಾತ್ರ ಬೆವೆತುಹೋದೆ.

"ಇವತ್ತು ನೀನೇ ಹೋಲ್ಡಾನ್ ಕೂಗಬೇಕು. ನಗ್ತಾರೋ ಇಲ್ವೋ, ನಕ್ರೆ ಏನಾಗುತ್ತೆ, ನೋಡ್ಕೊಂಡು ಬಂದು ನಂಗೆ ಹೇಳು."

ಅಪ್ಪ ಬಾಯಿ ಬಿಡಕೂಡದೆಂದು ಕಟ್ಟಪ್ಪಣೆಯಾಯಿತು.

ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅಪ್ಪ ಹಿಂದೆ. ಗೇಟು ಬಂತು. ಇನ್ನೇನು ಬಾಯಿ ತೆರೆಯಬೇಕು, ಅಪ್ಪನಿಗೆ ತಡೆಯಲಾಗಲಿಲ್ಲ.

"ಹೋಲ್ಡಾನ್!"

ನನಗೆ ಎಲ್ಲಿತ್ತೋ ಸಿಟ್ಟು! ಎದ್ದು ನಿಂತು ಕಿರುಚಿದೆ: "ರೈಟ್! ರೈಟ್! ಅದನ್ನ ನಾನೇ ಹೇಳ್ಬೇಕು!"

ನಿಧಾನವಾಗಿದ್ದ ಬಸ್ಸು ಮತ್ತೆ ಓಡಿತು. ವಾರವಾರ ನಮ್ಮನ್ನು ನೋಡುತ್ತಿದ್ದ ಕಂಡಕ್ಟರ್ ತಲೆ ಚಚ್ಚಿಕೊಂಡ. "ಏನವ್ವಾ, ನಿಲ್ಸನಾ ಬ್ಯಾಡ್ವಾ? ಅಪ್ಪ ಮಗಳು ಮನೇಲೇ ತೀರ್ಮಾನ ಮಾಡ್ಕಂಡು ಅತ್ತಬಾರ್ದಾ?"

ಬಸ್ಸೆಲ್ಲ ಗೊಳ್ಳೆಂದು ನಕ್ಕಿತು. ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದೇ ಆಗಿತ್ತು, ನನಗೇನೂ ಆಗಲಿಲ್ಲ! ನಾನೂ ನಗುತ್ತಿದ್ದೆ. "ಹೋಲ್ಡಾನ್!" ಎಂದು ಕೂಗಿದೆ. ಖುಷಿಗೆ ಇನ್ನೊಂದು ಸಲ ಕೂಗಿದೆ.

ಗೇಟು ಆಗಲೇ ಹಿಂದೆ ಉಳಿದಿತ್ತು. ಅಪ್ಪನೊಂದಿಗೆ ರಸ್ತೆಯಲ್ಲಿ ಹಿಂದಕ್ಕೆ ನಡೆಯುವಾಗ ನಾನು ಮಾತು ನಿಲ್ಲಿಸಲೇ ಇಲ್ಲ. ಇದನ್ನೆಲ್ಲ ಮೇಡಂಗೆ ಹೇಳಲು ಇನ್ನೂ ಒಂದು ವಾರ ಕಾಯಬೇಕಲ್ಲ ಎಂದು ಚಡಪಡಿಸುತ್ತಿದ್ದೆ. ಮುಂದಿನ ವಾರ ಬೇಗ ಬರಲಿ ಎಂದು ನಾನು ಬಯಸಿ ಎಷ್ಟು ಕಾಲವಾಗಿತ್ತೋ.

"ಮೇಡಂ ಒಪ್ಪಿದ್ರೆ ಇನ್ಮೇಲೆ ನಾನೊಬ್ಳೇ ಹಾಸನಕ್ಕೆ ಹೋಗ್ತೀನಪ್ಪಾ."

ಅಪ್ಪ ನಿಂತುಬಿಟ್ಟರು. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು.

"ವಾಪಸ್ ಬತ್ತೀಯಾ ತಾನೆ, ಮಗಾ?"

"ಬರ್ತೀನಿ ಕಣಪ್ಪಾ," ಎಂದೆ. ಹೇಳಿದ ಮೇಲೆಯೇ ಅದು ನಿಜವೆಂದು ನನಗೂ ಗೊತ್ತಾದದ್ದು.